ಮರಳಿ ಬರುವ ದಾರಿ



ನಿಮ್ಮಲ್ಲಿ ಅನೇಕರ ಮನೆಯಂಗಳದಲ್ಲಿ ಇಂದು ಒಂದು ಕಾರು ನಿಂತಿದೆ. ಅವುಗಳಲ್ಲಿ ಹಲವು, ಯಾರದೋ ಕೈಯಲ್ಲಿ ಕೆಲವು ವರ್ಷ ಓಡಿ ಅನಂತರ ನಿಮ್ಮ ಕೈಗೆ ಬಂದಂಥವು. ವಯಸ್ಸಾದ ತಂದೆಯವರನ್ನು ಆಸ್ಪತ್ರೆಗೆ ಕರೆದೊಯ್ಯಲೆಂದೋ, ಮಗಳ ಕಾಲೇಜು ದೂರವೆಂದೋ, ಉಳಿತಾಯಕ್ಕೆ ಒಂದಿಷ್ಟು ಸಾಲ ಸೇರಿಸಿ ಕೊಂಡವು. ಅಂಥದೇ ಒಂದು ಕಾರಿನ ಕಥೆಯನ್ನು ನಿಮ್ಮೊಡನೆ ಹಂಚಿಕೊಳ್ಳುತ್ತಿದ್ದೇನೆ. ಇದರಲ್ಲಿ ಕಾರಿನ ದೋಷವಿದೆ, ಅದನ್ನು ತಯಾರಿಸಿದವರ ದೋಷವಿದೆ. ನನ್ನ ದೋಷವೂ ಇದೆ. ಅದನ್ನು ಕೊನೆಗೆ ಹೇಳುತ್ತೇನೆ.

ಆಗ ನಾನು ಮೂಡಿಗೆರೆ ಸೀಮೆಯ ಒಂದು ಸಣ್ಣ ಧರ್ಮಕೇಂದ್ರದಲ್ಲಿದ್ದೆ. ಕಾಫಿ ತೋಟಗಳ ನಡುವೆ ಅಲ್ಲೊಂದು ಇಲ್ಲೊಂದು ಚದುರಿದ ಮನೆಗಳು, ಮೂರು ಉಪಕೇಂದ್ರಗಳು. ಹಳೆಯ ಮೋಟಾರ್ ಬೈಕಿನ ಮೇಲೆ ಮಳೆಯಲ್ಲಿ ತಿರುಗಿ ತಿರುಗಿ ಬೆನ್ನುನೋವು ಅಂಟಿಕೊಂಡಿತ್ತು. ಪಾಲನಾ ಸಮಿತಿಯವರೇ ಮುಂದಾಗಿ, 2021ರ ಬೇಸಿಗೆಯಲ್ಲಿ ಕರಾವಳಿಯ ಊರೊಂದರಿಂದ ಎಂಟು ವರ್ಷ ಹಳೆಯದಾದ ಒಂದು ಸಣ್ಣ ಕಾರನ್ನು ಎರಡು ಲಕ್ಷ ಮೂವತ್ತು ಸಾವಿರ ರೂಪಾಯಿಗೆ ಕೊಂಡುತಂದರು. ಬಣ್ಣ ಚೆನ್ನಾಗಿತ್ತು, ಟೈರುಗಳು ಹೊಸವು, ಕಾಗದಪತ್ರಗಳು ಸರಿಯಾಗಿದ್ದವು. ಚಾರ್ಮಾಡಿ ಘಟ್ಟವನ್ನು ಅದು ಒಂದೇ ಉಸಿರಿಗೆ ಹತ್ತಿತು. ನಾವೆಲ್ಲರೂ ಸಂತೋಷಪಟ್ಟೆವು.

ಜೂನ್ ತಿಂಗಳ ಮಳೆ ಹಿಡಿಯಿತು. ಒಂದು ಭಾನುವಾರ ಮುಂಜಾನೆ ಉಪಕೇಂದ್ರದ ಪೂಜೆಗೆ ಹೊರಟು ಕೀಲಿ ತಿರುಗಿಸಿದರೆ 'ಟಿಕ್' ಎಂಬ ಒಂದು ಸದ್ದು, ಮತ್ತೆ ಮೌನ. ನಾಲ್ಕು ಹುಡುಗರು ತಳ್ಳಿದರು, ಹೊರಟಿತು. ಅಂದಿನಿಂದ ಅದರ ಚೇಷ್ಟೆಗಳು ಒಂದೊಂದಾಗಿ ಕಾಣಿಸಿಕೊಂಡವು. ಬ್ರೇಕ್ ಒತ್ತಿದರೆ ಮುಂದಿನ ದೀಪ ಮಂಕಾಗುತ್ತಿತ್ತು. ಎಡಕ್ಕೆ ತಿರುಗುವ ಸೂಚನೆ ಕೊಟ್ಟರೆ ಹಾರ್ನ್ ದನಿ ಕುಗ್ಗುತ್ತಿತ್ತು. ಸ್ಟಿಯರಿಂಗ್‌ನ ಎಚ್ಚರಿಕೆ ದೀಪ ಕಾರಣವಿಲ್ಲದೆ ಹೊತ್ತಿಕೊಂಡು ತಾನಾಗಿಯೇ ಆರುತ್ತಿತ್ತು. ಎರಡು ದಿನ ಬಿಸಿಲು ಬಂದರೆ ಎಲ್ಲವೂ ಸರಿ. ಮತ್ತೆ ಮಳೆ ಬಂದರೆ ಮತ್ತೆ ಅದೇ ಪಾಡು.

ಕಂಪನಿಯ ಅಧಿಕೃತ ಸರ್ವಿಸ್ ಸೆಂಟರ್ ನಮ್ಮಲ್ಲಿಂದ ನಲವತ್ತು ಕಿಲೋಮೀಟರ್ ದೂರ. ಅಲ್ಲಿ ಗಾಜಿನ ಕೋಣೆಯಲ್ಲಿ ಕುಳ್ಳಿರಿಸಿ ಕಾಫಿ ಕೊಟ್ಟರು. ಕಾರಿಗೆ ಒಂದು ಯಂತ್ರವನ್ನು ಜೋಡಿಸಿ ನೋಡಿ, "ಬ್ಯಾಟರಿ ಹೋಗಿದೆ ಫಾದರ್" ಎಂದರು. ಐದು ಸಾವಿರದ ಇನ್ನೂರು ರೂಪಾಯಿ ಕೊಟ್ಟು ಹೊಸ ಬ್ಯಾಟರಿ ಹಾಕಿಸಿದೆ. ಎರಡು ತಿಂಗಳು ಕಾರು ಸುಮ್ಮನಿತ್ತು. ಆಮೇಲೆ ಹಳೆಯ ರಾಗ ತೆಗೆಯಿತು. ಮತ್ತೊಮ್ಮೆ ಹೋದೆ, ಮಗದೊಮ್ಮೆ ಹೋದೆ. ಪ್ರತಿಬಾರಿಯೂ ಕಾರನ್ನು ಒಣಗಿದ ನೆಲದ ಮೇಲೆ ನಿಲ್ಲಿಸಿ ಪರೀಕ್ಷಿಸಿ, 'ಯಾವುದೇ ದೋಷ ಕಂಡುಬಂದಿಲ್ಲ' ಎಂದು ಮುದ್ರಿಸಿದ ಚೀಟಿಯನ್ನು ಕೊಟ್ಟರು. 2022ರ ಮಾರ್ಚ್ ತಿಂಗಳಲ್ಲಿ ಎರಡನೆಯ ಬಾರಿಗೆ ಬ್ಯಾಟರಿ ಬದಲಾಯಿತು. ಅದಾದ ಮೇಲೂ ನಾನು ದೂರುವುದನ್ನು ಕೇಳಿ, "ಹಾಗಾದರೆ ಇಡೀ ವೈರಿಂಗ್ ಬದಲಿಸಬೇಕು, ಬಿಡಿಯಾಗಿ ಬರುವುದಿಲ್ಲ" ಎಂದು ಅರವತ್ತೆರಡು ಸಾವಿರ ರೂಪಾಯಿಯ ಅಂದಾಜುಪಟ್ಟಿ ಬರೆದುಕೊಟ್ಟರು. ಹಾಗೆ ಮಾಡಿದರೆ ದೋಷ ಹೋಗುವುದೇ ಎಂದು ಕೇಳಿದೆ. "ಖಾತರಿ ಕೊಡಲಾಗುವುದಿಲ್ಲ" ಎಂದರು.

ಅದೇ ವರ್ಷ ಜುಲೈ ತಿಂಗಳ ಒಂದು ರಾತ್ರಿ. ಸುಮಾರು ಒಂದು ಗಂಟೆಯ ಹೊತ್ತಿಗೆ ದೂರವಾಣಿ ಮೊಳಗಿತು. ಹನ್ನೊಂದು ಕಿಲೋಮೀಟರ್ ಆಚೆಯ ತೋಟದ ಲೈನ್ ಮನೆಯಲ್ಲಿ ಹಿರಿಯರೊಬ್ಬರು ಕೊನೆಯುಸಿರು ಎಳೆಯುತ್ತಿದ್ದಾರೆ, ಅಭ್ಯಂಗ ಸಂಸ್ಕಾರಕ್ಕೆ ಬರಬೇಕು ಎಂದು. ಪವಿತ್ರ ತೈಲವನ್ನೂ ಪರಮಪ್ರಸಾದವನ್ನೂ ತೆಗೆದುಕೊಂಡು ಮಳೆಯಲ್ಲೇ ಓಡಿ ಕಾರಿನಲ್ಲಿ ಕುಳಿತೆ. ಕೀಲಿ ತಿರುಗಿಸಿದೆ. 'ಟಿಕ್.' ಮತ್ತೊಮ್ಮೆ ತಿರುಗಿಸಿದೆ. 'ಟಿಕ್.' ಆ ಹೊತ್ತಿನಲ್ಲಿ ತಳ್ಳುವವರು ಯಾರಿದ್ದಾರೆ? ಉಪದೇಶಿಯವರನ್ನು ಎಬ್ಬಿಸಿ, ಅವರು ನೆರೆಯವರ ಜೀಪನ್ನು ಕೇಳಿ ತಂದು, ಬಿದ್ದ ಮರದ ಕೊಂಬೆಯನ್ನು ಸರಿಸಿ ನಾವು ಅಲ್ಲಿಗೆ ಮುಟ್ಟುವಾಗ ಎರಡೂವರೆ ಗಂಟೆಯಾಗಿತ್ತು. ಕಾಲುಗಂಟೆಯ ಹಿಂದೆ ಅವರು ತೀರಿಕೊಂಡಿದ್ದರು.

ಅಗಲಿದವರಿಗಾಗಿ ಹೇಳಬೇಕಾದ ಪ್ರಾರ್ಥನೆಯನ್ನು ಹೇಳಿದೆ. ಅವರ ಮಗಳು ಬಾಗಿಲ ಬಳಿ ನಿಂತು, "ಬಂದ್ರಲ್ಲ ಸ್ವಾಮಿ, ಅಷ್ಟು ಸಾಕು. ಈ ಮಳೆಯಲ್ಲಿ ಯಾರು ಬರ್ತಾರೆ" ಎಂದಳು. ಸ್ವಲ್ಪ ಹೊತ್ತಿನ ನಂತರ ಮೆಲ್ಲಗೆ, "ಅಪ್ಪ ಎರಡು ಸಲ ಕೇಳಿದ್ರು, ಸ್ವಾಮಿಗಳು ಬಂದ್ರಾ ಅಂತ" ಎಂದಳು. ಅವಳು ಅದನ್ನು ದೂರಾಗಿ ಹೇಳಲಿಲ್ಲ. ಆದರೂ ಆ ಮಾತು ಇಂದಿಗೂ ನನ್ನನ್ನು ಬಿಟ್ಟಿಲ್ಲ.

ಅಂದಿನಿಂದ ನನಗೆ ಹಠ ಹುಟ್ಟಿತು. ತಯಾರಕರ ಕೇಂದ್ರ ಕಚೇರಿಗೆ ನಡೆದುದನ್ನೆಲ್ಲ ವಿವರವಾಗಿ ಬರೆದೆ. 'ನಿಮ್ಮ ಅನಿಸಿಕೆ ನಮಗೆ ಅಮೂಲ್ಯ' ಎಂಬ ಉತ್ತರ ಬಂದಿತು. ಮತ್ತೆ ಬರೆದೆ. 'ವಾಹನದ ವಾರಂಟಿ ಅವಧಿ ಮುಗಿದಿದೆ, ತಾವು ಎರಡನೆಯ ಮಾಲೀಕರು' ಎಂದು ಬಂದಿತು. ಮೂರನೆಯ ಬಾರಿ, ನಾನು ಪುಕ್ಕಟೆ ರಿಪೇರಿ ಕೇಳುತ್ತಿಲ್ಲ, ದೋಷ ಎಲ್ಲಿದೆಯೆಂದು ಹುಡುಕಿಕೊಡಿ, ಇಲ್ಲವೇ ವೈರಿಂಗ್ ನಕ್ಷೆಯನ್ನಾದರೂ ಕೊಡಿ, ಊರಿನ ಕೆಲಸಗಾರರಿಂದ ಮಾಡಿಸಿಕೊಳ್ಳುತ್ತೇನೆ ಎಂದು ಬರೆದೆ. ನಕ್ಷೆಯನ್ನು ಹೊರಗಿನವರಿಗೆ ಕೊಡುವಂತಿಲ್ಲ ಎಂಬ ಉತ್ತರದ ಕೆಳಗೆ ಮತ್ತದೇ ಸಾಲು: 'ನಿಮ್ಮ ಅನಿಸಿಕೆ ನಮಗೆ ಅಮೂಲ್ಯ.' 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೂ ದೂರು ಕೊಟ್ಟೆ. ಅಲ್ಲಿನವರು ಅದನ್ನು ಕಂಪನಿಗೆ ಕಳುಹಿಸಿದರು. ಕಂಪನಿಯು, ಪರೀಕ್ಷೆಯಲ್ಲಿ ದೋಷ ಕಂಡುಬಂದಿಲ್ಲ ಎಂಬ ಹಳೆಯ ಚೀಟಿಗಳನ್ನೇ ಮುಂದಿಟ್ಟಿತು.

ಇಲ್ಲಿ ನಿಮಗೆ ಉಪಯೋಗವಾಗಬಹುದಾದ ಕೆಲವು ಸಂಗತಿಗಳನ್ನು ಹೇಳಬೇಕು. ವಾಹನಗಳನ್ನು ಕಡ್ಡಾಯವಾಗಿ ಹಿಂದಕ್ಕೆ ಕರೆಸಿ ದೋಷ ಸರಿಪಡಿಸುವ ನಿಯಮ 2021ರ ಏಪ್ರಿಲ್ 1ರಿಂದ ನಮ್ಮ ದೇಶದಲ್ಲಿ ಜಾರಿಗೆ ಬಂದಿದೆ. ಆದರೆ ಅದು ಏಳು ವರ್ಷದೊಳಗಿನ ವಾಹನಗಳಿಗೆ, ಅದೂ ಒಂದೇ ಬಗೆಯ ದೂರುಗಳು ನಿಗದಿತ ಪ್ರಮಾಣದಲ್ಲಿ ದಾಖಲಾದಾಗ ಮಾತ್ರ ಅನ್ವಯಿಸುತ್ತದೆ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ ಜಿಲ್ಲಾ ಗ್ರಾಹಕರ ಆಯೋಗದಲ್ಲಿ ದೂರು ಕೊಡಬಹುದು. ಐದು ಲಕ್ಷ ರೂಪಾಯಿವರೆಗೆ ಬೆಲೆ ಕೊಟ್ಟು ಕೊಂಡ ವಸ್ತುವಾದರೆ ಶುಲ್ಕವಿಲ್ಲ. ಆದರೆ ದೂರಿಗೆ ಕಾರಣ ಹುಟ್ಟಿದ ಎರಡು ವರ್ಷಗಳೊಳಗೆ ಸಲ್ಲಿಸಬೇಕು. ಕೊಂಡ ವಸ್ತುವನ್ನು ತನಗೆ ಬೇಕಾದವರಿಂದ ರಿಪೇರಿ ಮಾಡಿಸಿಕೊಳ್ಳುವುದು ಗ್ರಾಹಕನ ಹಕ್ಕು ಎಂಬ ವಿಚಾರವೂ ಈಗ ಬೇರೂರುತ್ತಿದೆ. ಇದಕ್ಕಾಗಿ ಕೇಂದ್ರ ಸರ್ಕಾರವು 2022ರ ಡಿಸೆಂಬರ್ 24ರಂದು, ರಾಷ್ಟ್ರೀಯ ಗ್ರಾಹಕರ ದಿನದಂದು, ಅಂತರ್ಜಾಲದಲ್ಲಿ ಒಂದು ತಾಣವನ್ನು ತೆರೆಯಿತು. ಆದ್ದರಿಂದ ಪ್ರತಿಯೊಂದು ಚೀಟಿಯನ್ನೂ ಪತ್ರವನ್ನೂ ಜೋಪಾನವಾಗಿ ಇಟ್ಟುಕೊಳ್ಳಿ. ನಾನೂ ಇಟ್ಟುಕೊಂಡಿದ್ದೆ, ಆಯೋಗಕ್ಕೆ ಹೋಗಲು ಸಿದ್ಧನೂ ಆಗಿದ್ದೆ.

ಅಷ್ಟರಲ್ಲಿ ಉಪದೇಶಿಯವರು, "ಒಂದು ಸಲ ಪೇಟೆಯ ಕಾಕನಿಗೆ ತೋರಿಸೋಣ ಸ್ವಾಮಿ" ಎಂದರು. ಬಸ್ ನಿಲ್ದಾಣದ ಹಿಂದೆ ತಗಡಿನ ಮಾಡಿನ ಕೆಳಗೆ ನಲವತ್ತು ವರ್ಷಗಳಿಂದ ಜೀಪು, ಲಾರಿಗಳ ವಯರಿಂಗ್ ಕೆಲಸ ಮಾಡುತ್ತಿದ್ದ ಬ್ಯಾರಿ ಹಿರಿಯರು ಅವರು. ಊರಿಗೆಲ್ಲ ಕಾಕ. ಅಕ್ಟೋಬರ್ ತಿಂಗಳ ಒಂದು ಮಳೆಯ ದಿನ ಕಾರನ್ನು ಅಲ್ಲಿಗೆ ಒಯ್ದೆ. ಅವರು ಕಾರನ್ನು ಮುಟ್ಟುವುದಕ್ಕೆ ಮೊದಲು ಒಂದು ಸ್ಟೂಲು ಎಳೆದುಕೊಂಡು ಕುಳಿತು, "ಯಾವಾಗ ಸುರುವಾಯ್ತು ಫಾದ್ರೇ, ಮೊದಲಿಂದ ಹೇಳಿ" ಎಂದರು. ಹದಿನಾರು ತಿಂಗಳಲ್ಲಿ ಈ ಪ್ರಶ್ನೆಯನ್ನು ನನಗೆ ಯಾರೂ ಕೇಳಿರಲಿಲ್ಲ. ಮಳೆ, ಮಂಕಾಗುವ ದೀಪ, ಕುಗ್ಗುವ ಹಾರ್ನ್, ಎರಡು ಬ್ಯಾಟರಿ ಎಲ್ಲವನ್ನೂ ಹೇಳಿದೆ. ನಡುವೆ ಒಮ್ಮೆಯೂ ಮಾತು ತುಂಡರಿಸದೆ ಕೇಳಿಸಿಕೊಂಡರು.

ಅನಂತರ ತಮ್ಮ ಹಳೆಯ ಮೀಟರನ್ನು ಬ್ಯಾಟರಿಗೆ ಹಿಡಿದರು. ಹನ್ನೆರಡೂವರೆ ವೋಲ್ಟ್. "ಬ್ಯಾಟರಿಗೆ ಏನೂ ಆಗಿಲ್ಲ" ಎಂದರು. ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಋಣ ತುದಿಗೂ ಇನ್ನೊಂದನ್ನು ಎಂಜಿನ್‌ನ ಮೈಗೂ ಇಟ್ಟರು. ಮುಳ್ಳು ಸೊನ್ನೆಯಲ್ಲೇ ಇತ್ತು. "ಈಗ ಕೀಲಿ ತಿರುಗಿಸಿ" ಎಂದರು. ಮುಳ್ಳು ಎರಡು ವೋಲ್ಟ್ ದಾಟಿ ನಿಂತಿತು. "ಇಲ್ಲಿ ಅರ್ಧ ವೋಲ್ಟೂ ಇರಬಾರದು ಫಾದ್ರೇ" ಎಂದು, ಒಂದು ದಪ್ಪ ಕೇಬಲ್ ತಂದು ಎಂಜಿನ್‌ನಿಂದ ನೇರವಾಗಿ ಬ್ಯಾಟರಿಯ ಋಣ ತುದಿಗೆ ಹಿಡಿಸಿದರು. ಕೀಲಿ ತಿರುಗಿಸಿದೊಡನೆ ಕಾರು ಹೊಸದರಂತೆ ಹೊರಟಿತು.

ಅವರು ವಿವರಿಸಿದ್ದನ್ನು ನನಗೆ ತಿಳಿದಂತೆ ಹೇಳುತ್ತೇನೆ. ಬ್ಯಾಟರಿಯಿಂದ ಹೊರಟ ವಿದ್ಯುತ್ತು ಕೆಂಪು ತಂತಿಯಲ್ಲಿ ಹೋಗಿ ಕೆಲಸ ಮಾಡುತ್ತದೆ. ಅಲ್ಲಿಗೆ ಮುಗಿಯಲಿಲ್ಲ, ಅದು ಬ್ಯಾಟರಿಗೆ ಮರಳಿ ಬಂದರೆ ಮಾತ್ರ ಹರಿವು ಪೂರ್ಣವಾಗುತ್ತದೆ. ಹೋಗಲು ಬೇರೆ ಬೇರೆ ತಂತಿಗಳುಂಟು. ಮರಳಲು ಬಹುಮಟ್ಟಿಗೆ ಕಾರಿನ ಲೋಹದ ಮೈಯೇ ದಾರಿ. ಎಂಜಿನನ್ನು ಆ ಮೈಗೆ ಬೆಸೆಯುವ ಒಂದು ಅರ್ತಿಂಗ್ ಕೇಬಲ್ ಇರುತ್ತದೆ. ನಮ್ಮ ಕಾರಿನಲ್ಲಿ ಬ್ಯಾಟರಿ ತಟ್ಟೆಯ ಅಡಿ, ಕಣ್ಣಿಗೆ ಬೀಳದ ಜಾಗದಲ್ಲಿ ಅದರ ತುದಿ ಕಡಲ ಗಾಳಿಯ ಉಪ್ಪಿಗೋ ಮಲೆನಾಡಿನ ಮಳೆಗೋ ತುಕ್ಕು ಹಿಡಿದು, ಒಳಗಿನ ತಾಮ್ರದ ಎಳೆಗಳು ಹಸಿರುಗಟ್ಟಿ ಅರ್ಧಕ್ಕರ್ಧ ಕಡಿದುಹೋಗಿದ್ದವು. ಸ್ಟಾರ್ಟರ್ ತಿರುಗಲು ನೂರಕ್ಕೂ ಹೆಚ್ಚು ಆಂಪಿಯರ್ ಬೇಕು; ಅಷ್ಟು ಹರಿವು ಮರಳಲು ದಾರಿ ಸಾಲದು. ಡೈನಮೊ ಉತ್ಪಾದಿಸಿದ ವಿದ್ಯುತ್ತೂ ಅದೇ ಹಾದಿಯನ್ನು ಬಳಸಬೇಕಾದ್ದರಿಂದ ಬ್ಯಾಟರಿ ಎಂದೂ ಪೂರ್ತಿ ತುಂಬುತ್ತಿರಲಿಲ್ಲ. ಹೊಸ ಬ್ಯಾಟರಿ ಹಾಕಿದಾಗ ಅದರ ಕಸುವಿನಿಂದ ಕೆಲವು ದಿನ ನಡೆಯುತ್ತಿತ್ತು, ಅಷ್ಟೆ. ನಿಂತ ಕಾರಿನಲ್ಲಿ ಈ ದೋಷ ತೋರುವುದಿಲ್ಲ. ಭಾರ ಬಿದ್ದಾಗ ಮಾತ್ರ ತೋರುತ್ತದೆ.

"ಎಲ್ಲರೂ ಕರೆಂಟು ಹೋಗುವ ದಾರಿ ನೋಡ್ತಾರೆ ಫಾದ್ರೇ. ವಾಪಸು ಬರುವ ದಾರಿ ಯಾರೂ ನೋಡುವುದಿಲ್ಲ" ಎಂದರು ಕಾಕ. ಬ್ಯಾಟರಿಯ ಋಣ ತುದಿಯನ್ನು ಮೊದಲು ಬಿಚ್ಚಿ, ತುಕ್ಕನ್ನು ಉಜ್ಜಿ ತೆಗೆದು, ಹೊಸ ಕೇಬಲ್ ಬಿಗಿದು, ಮೇಲೆ ಗ್ರೀಸ್ ಸವರಿದರು. ಸಾಮಾನು, ಕೂಲಿ ಎಲ್ಲ ಸೇರಿ ನಾಲ್ಕುನೂರು ರೂಪಾಯಿ.

ಮನೆಗೆ ಹಿಂತಿರುಗುವಾಗ ಮೊದಲು ಬಂದದ್ದು ಸಿಟ್ಟು. ಆ ಕಂಪನಿಯಿಂದ ನನ್ನೆಡೆಗೆ ಎಷ್ಟು ದಾರಿಗಳು! ಜಾಹೀರಾತು, ವಿಮೆ ನವೀಕರಿಸಿ ಎಂಬ ಸಂದೇಶ, ಹಬ್ಬದ ಶುಭಾಶಯ, ಹಳೆಯ ಕಾರು ಕೊಟ್ಟು ಹೊಸದನ್ನು ಕೊಳ್ಳಿ ಎಂಬ ಕರೆ. ನನ್ನಿಂದ ಅವರೆಡೆಗೆ ಇದ್ದುದು ಒಂದೇ ದಾರಿ. ಅದಕ್ಕೂ ತುಕ್ಕು ಹಿಡಿದಿತ್ತು. ಈ ಮಾತನ್ನು ಮುಂದಿನ ಭಾನುವಾರದ ಪ್ರಬೋಧನೆಯಲ್ಲಿ ಹೇಳಬೇಕೆಂದು ಯೋಚಿಸುತ್ತಾ ಗುರುನಿವಾಸದ ಮೆಟ್ಟಿಲು ಹತ್ತಿದೆ.

ಕಚೇರಿಯ ಮುಂದಿನ ಬೆಂಚಿನ ಮೇಲೆ ಒಬ್ಬ ತಾಯಿ ಕುಳಿತಿದ್ದರು. ತೋಟದಲ್ಲಿ ದಿನಗೂಲಿ ಮಾಡುವ ವಿಧವೆ. ಮಗನ ದೀಕ್ಷಾಸ್ನಾನದ ಪ್ರಮಾಣಪತ್ರದಲ್ಲಿ ತಂದೆಯ ಹೆಸರು ತಪ್ಪಾಗಿತ್ತು. ಅದನ್ನು ಸರಿಪಡಿಸಲು ಅವರು ಬಂದದ್ದು ಅದು ನಾಲ್ಕನೆಯ ಬಾರಿ. ಮೊದಲ ಬಾರಿ ಕಚೇರಿಯ ವೇಳೆ ಮುಗಿಯಿತು ಎಂದಿದ್ದೆ. ಎರಡನೆಯ ಬಾರಿ ಒಂದು ದಾಖಲೆ ತನ್ನಿ ಎಂದೆ, ಮೂರನೆಯ ಬಾರಿ ಇನ್ನೊಂದು. ನಾನು ಹೇಳಿದ ಯಾವ ಮಾತೂ ತಪ್ಪಾಗಿರಲಿಲ್ಲ. ನೋಂದಣಿ ಪುಸ್ತಕವನ್ನು ಮನಬಂದಂತೆ ತಿದ್ದಲಾಗದು. ಆದರೆ 'ಮೊದಲಿಂದ ಹೇಳಿ ಅಮ್ಮ' ಎಂದು ನಾನು ಒಮ್ಮೆಯೂ ಅಂದಿರಲಿಲ್ಲ. ಪ್ರತಿಬಾರಿ ಬಂದಾಗಲೂ ಅವರ ಒಂದು ದಿನದ ಕೂಲಿ ಹೋಗುತ್ತಿತ್ತು ಎಂಬುದು ನನಗೆ ತೋಚಿರಲೇ ಇಲ್ಲ.

ಪ್ರತಿ ಭಾನುವಾರ ಪೀಠದಿಂದ ನನ್ನ ಮಾತು ಇನ್ನೂರು ಮನೆಗಳಿಗೆ ಹೋಗುತ್ತಿತ್ತು. ಅವರ ಮಾತು ನನ್ನ ಬಳಿಗೆ ಬರುವ ದಾರಿ ಹೇಗಿತ್ತು? ನಾನು ಯಾರ ಮೇಲೆ ದೂರು ಹೊತ್ತು ತಿರುಗುತ್ತಿದ್ದೆನೋ ಅವರ ಭಾಷೆಯನ್ನೇ ನಾನೂ ಆಡುತ್ತಿದ್ದೆ. ಅಂದು ಆ ತಾಯಿಯನ್ನು ಒಳಗೆ ಕರೆದು, ಸ್ಟೂಲೊಂದನ್ನು ಎಳೆದುಕೊಂಡು ಎದುರಿಗೆ ಕುಳಿತೆ. ಅವರು ಪೂರ್ತಿ ಹೇಳಿದ ಮೇಲೆ ತಿಳಿಯಿತು: ಬೇಕಾದ ಪುರಾವೆ ನಮ್ಮ ವಿವಾಹ ನೋಂದಣಿ ಪುಸ್ತಕದಲ್ಲೇ ಇತ್ತು. ಅವರ ಮದುವೆ ನಡೆದದ್ದು ನಮ್ಮ ದೇವಾಲಯದಲ್ಲೇ. ಅದರ ಪ್ರತಿಯನ್ನು ಲಗತ್ತಿಸಿ ಅಂದೇ ಧರ್ಮಾಧ್ಯಕ್ಷರ ಕಚೇರಿಗೆ ಬರೆದೆ. ವಾರದೊಳಗೆ ಅನುಮತಿ ಬಂದಿತು. ತಿದ್ದಿದ ಪತ್ರವನ್ನು ನಾನೇ ಅವರ ಮನೆಗೆ ಒಯ್ದು ಕೊಟ್ಟೆ.

ಆಯೋಗಕ್ಕೆ ದೂರು ಕೊಡಲಿಲ್ಲವೇ ಎಂದು ನೀವು ಕೇಳಬಹುದು. ಕೊಡಲಿಲ್ಲ. ಎಂಟು ವರ್ಷ ಹಳೆಯ ಕಾರಿನ ಕೇಬಲ್ ತುಕ್ಕು ಹಿಡಿದುದು ತಯಾರಿಕೆಯ ದೋಷವೆಂದು ವಾದಿಸಲು ನನಗೆ ಮನಸ್ಸು ಬರಲಿಲ್ಲ. ಆದರೆ ನಿಂತ ಕಾರನ್ನು ಪರೀಕ್ಷಿಸಿ ದೋಷವಿಲ್ಲವೆಂದು ಬರೆದ ಚೀಟಿಗಳ ಪ್ರತಿಗಳನ್ನು, ದೋಷ ಎಲ್ಲಿತ್ತೆಂಬ ವಿವರದೊಂದಿಗೆ, ಕೇಂದ್ರ ಕಚೇರಿಗೆ ಕಳುಹಿಸಿದೆ. ಇದೇ ತೊಂದರೆಯಿಂದ ಬರುವ ಮುಂದಿನವರಿಗಾದರೂ ಕೇಬಲನ್ನು ಮೊದಲು ನೋಡಿ ಎಂದು ಕೋರಿದೆ. ಉತ್ತರ ಎಂದಿನಂತೆಯೇ ಬಂದಿತು. ನಿಮಗೆ ಅನ್ಯಾಯವಾಗಿದ್ದರೆ ಮಾತ್ರ ನೀವು ಸುಮ್ಮನಿರಬೇಡಿ.

ಆ ಕಾರು ಮತ್ತೆ ಎಂದೂ ಕೈಕೊಡಲಿಲ್ಲ. ಮುಂದಿನ ಮಳೆಗಾಲದಲ್ಲಿ ಅದೇ ಲೈನ್ ಮನೆಗೆ, ಆ ಹಿರಿಯರ ಮೊದಲ ವರ್ಷದ ಸ್ಮರಣೆಯ ದಿನ ಹೋಗಿದ್ದೆ. ಮಗಳು ಕಾಫಿ ತಂದುಕೊಟ್ಟು, "ಕಾರು ಸರಿಯಾಯ್ತಾ ಸ್ವಾಮಿ?" ಎಂದು ಕೇಳಿದಳು. ಆಯಿತು ಎಂದೆ. ಅವಳು, "ಒಳ್ಳೇದಾಯ್ತು. ಇನ್ನು ಯಾರಾದ್ರೂ ಕರೆದ್ರೆ ಬೇಗ ಹೋಗ್ಬಹುದು" ಎಂದಳು.