ಚಕ್ಕುಬಂದಿಯಲ್ಲಿ ಒಂದು ಓಣಿ

ಹೋದ ವಾರ ಮನೆ ರಿಜಿಸ್ಟ್ರೇಷನ್ ಆಯ್ತು. ಬೆಂಗಳೂರಿನ ಚಾಮರಾಜಪೇಟೆಯಲ್ಲಿ, ಹದಿನೈದು-ಮೂವತ್ತರ ಪುಟ್ಟ ಹಳೇ ಮನೆ. ಮದ್ರಾಸ್ ತಾರಸಿ, ಕೆಂಪು ರೆಡ್ ಆಕ್ಸೈಡ್ ನೆಲ, ಮಳೆ ಬಂದರೆ ಅಡುಗೆಮನೆ ಮೂಲೆಯಲ್ಲಿ ತೇವ. ದೊಡ್ಡ ಸೈಟೊಂದು ಅಣ್ಣತಮ್ಮಂದಿರಲ್ಲಿ ಭಾಗವಾದಾಗ ಉಳಿದ ಹಿಂದಿನ ತುಂಡು ಇದು. ಸಾಲ ಎಷ್ಟು ವರ್ಷ ಅಂತ ಮಾತ್ರ ಕೇಳಬೇಡಿ.

ಇದಕ್ಕೆ ಮೊದಲು ಹನ್ನೊಂದು ಮನೆ ನೋಡಿದ್ದೆ. ಬ್ರೋಕರ್‌ಗಳು ಮೊದಲ ಫೋನಲ್ಲೇ "ಮೇಡಂ, ತಪ್ಪು ತಿಳ್ಕೋಬೇಡಿ, ನೀವು ಯಾವ ಪೈಕಿ?" ಅಂತ ಕೇಳೋರು. ಕೇಳದೇ ಇದ್ದವರು "ವೆಜ್ಜಾ, ನಾನ್‌ವೆಜ್ಜಾ?" ಅಂತಿದ್ರು. ಎರಡೂ ಒಂದೇ ಪ್ರಶ್ನೆ. ಒಂದು ಕಡೆ ರೇಟು ಮಾತಾಡಿ, ಅಡ್ವಾನ್ಸ್ ತಾರೀಕು ಗೊತ್ತಾಗಿತ್ತು. ಅಗ್ರಿಮೆಂಟ್ ಬರೆಸೋಕೆ ಆಧಾರ್ ಜೆರಾಕ್ಸ್ ಕೊಟ್ಟೆ. ಅದರಲ್ಲಿ ನಮ್ಮಪ್ಪನ ಹೆಸರಿದೆ, ಊರಿದೆ, ಕಾಲೋನಿಯ ಹೆಸರೂ ಇದೆ. ಮಾರನೇ ದಿನ "ಮಗ ಅಮೆರಿಕದಿಂದ ಬೇಡ ಅಂದ" ಅಂತ ಫೋನ್ ಬಂತು. ಮೂರು ತಿಂಗಳಾದ್ರೂ ಆ ಮನೆ ಮೇಲೆ "ಮಾರಾಟಕ್ಕಿದೆ" ಬೋರ್ಡು ಹಾಗೇ ಇತ್ತು.

ಕಾನೂನಿಲ್ವಾ ಅಂದ್ರೆ ಇದೆ. 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯ 4ನೇ ಸೆಕ್ಷನ್ ಓದಿ. ಯಾವುದೇ ಬಡಾವಣೆಯಲ್ಲಿ ಮನೆ ಕಟ್ಟೋದಕ್ಕೆ, ಕೊಳ್ಳೋದಕ್ಕೆ, ವಾಸ ಮಾಡೋದಕ್ಕೆ ಅಸ್ಪೃಶ್ಯತೆಯ ಕಾರಣಕ್ಕೆ ಅಡ್ಡಿ ಮಾಡಿದರೆ ಅದು ಅಪರಾಧ. ಆದರೆ "ಮಗ ಬೇಡ ಅಂದ" ಅನ್ನೋದನ್ನ ಯಾವ ಸ್ಟೇಷನ್ನಿನಲ್ಲಿ ಅಸ್ಪೃಶ್ಯತೆ ಅಂತ ಬರೆಸೋದು? ಗುಜರಾತಿನ ಒಂದು ಪಾರ್ಸಿ ಹೌಸಿಂಗ್ ಸೊಸೈಟಿ ತನ್ನವರಿಗೆ ಮಾತ್ರ ಸದಸ್ಯತ್ವ ಅಂದಾಗ, 2005ರಲ್ಲಿ ಸುಪ್ರೀಂ ಕೋರ್ಟೇ ಅದನ್ನ ಎತ್ತಿಹಿಡಿಯಿತು. ಇದೇ ಸಮುದಾಯದ ಬರೋಡಾದ ಒಂದು ವಸತಿಗೃಹದಿಂದ 1917ರಲ್ಲಿ ಬಾಬಾಸಾಹೇಬರನ್ನ ದೊಣ್ಣೆ ಹಿಡಿದು ಹೊರಗೆ ಹಾಕಿದ್ದರು ಅನ್ನೋದು ನಿಮಗೆಲ್ಲ ಗೊತ್ತಿರೋದೇ.

ಈ ಮನೆ ಮಾರಿದವರು ಜಾತಿ ಕೇಳಲಿಲ್ಲ. ಪ್ರಗತಿಪರರು ಅಂತಲ್ಲ, ಅಣ್ಣನ ಜೊತೆ ಜಗಳ, ಬೇಗ ದುಡ್ಡು ಬೇಕಿತ್ತು. "ಎಲ್ಲಾ ಬ್ಯಾಂಕ್ ಮೂಲಕಾನೇ ಕೊಡ್ತೀರೇನಮ್ಮ?" ಅಂತ ಒಂದೇ ಸಂಕಟ ಅವರಿಗೆ. ಎರಡು ಬ್ಯಾಂಕು ಕಟ್ಟಡದ ವಯಸ್ಸು ನೋಡಿ ಸಾಲ ಇಲ್ಲ ಅಂದವು, ಮೂರನೆಯದು ಒಪ್ಪಿತು. ಸ್ಟಾಂಪ್ ಡ್ಯೂಟಿ ನೂರಕ್ಕೆ 5, ಅದರ ಮೇಲೆ ಸೆಸ್ಸು, ಸರ್ಚಾರ್ಜು. ನೋಂದಣಿ ಶುಲ್ಕ 2025ರ ಆಗಸ್ಟ್ ಕೊನೆಯಲ್ಲಿ ನೂರಕ್ಕೆ 1ರಿಂದ 2 ಆಗಿದೆ, ಲೆಕ್ಕ ಹಾಕುವಾಗ ಮರೀಬೇಡಿ.

ನಾನು ಹೇಳೋಕೆ ಹೊರಟಿದ್ದು ಬೇರೆ. ವಕೀಲ ಗೆಳತಿಯ ಜೊತೆ ಕೂತು ಮೂಲಪತ್ರ ಓದ್ತಾ ಇದ್ದೆ. ಚಕ್ಕುಬಂದಿ ಬಂತು: ಪೂರ್ವಕ್ಕೆ ಇಂಥವರ ಮನೆ, ಉತ್ತರಕ್ಕೆ ದಾರಿ, ಪಶ್ಚಿಮಕ್ಕೆ ಕನ್ಸರ್ವೆನ್ಸಿ ಲೇನ್. ಅಲ್ಲಿಗೆ ನಿಂತೆ.

1892ರಲ್ಲಿ ಚಾಮರಾಜಪೇಟೆ ಕಟ್ಟಿದ ಕಾಲದ ಬಡಾವಣೆಗಳಲ್ಲಿ ಮನೆಗಳ ಬೆನ್ನಿಗೆ ಇಂಥ ಓಣಿ ಬಿಡ್ತಿದ್ರು. ಹಿತ್ತಲಲ್ಲಿ ಒಣ ಕಕ್ಕಸು, ಅದರ ಹಿಂದೆ ಓಣಿ. ಮಲ ಬಳಿಯೋರು ಮುಂದಿನ ರಸ್ತೆಗೆ ಬರಬಾರದು, ಅವರ ಮುಖ ಮನೆಯವರಿಗೆ ಕಾಣಬಾರದು ಅಂತ ನಕ್ಷೆಯಲ್ಲೇ ದಾರಿ ಬರೆದಿಟ್ಟರು. ತಲೆ ಮೇಲೆ ಮಲ ಹೊರೋದನ್ನ ನಮ್ಮ ರಾಜ್ಯದಲ್ಲಿ ನಿಲ್ಲಿಸೋಕೆ ಎಪ್ಪತ್ತರ ದಶಕದಲ್ಲಿ ಬಿ. ಬಸವಲಿಂಗಪ್ಪನವರು ಮಂತ್ರಿಯಾಗಬೇಕಾಯ್ತು. ಈಗ ಈ ಓಣಿಗಳಿಗೆ ಬಣ್ಣ ಬಳಿದು ಚಿತ್ರ ಬಿಡಿಸ್ತಾರೆ, ಹೆರಿಟೇಜ್ ಅಂತಾರೆ. ಚಿತ್ರ ಚೆನ್ನಾಗೇ ಇರುತ್ತೆ. ಯಾರ ಹೆರಿಟೇಜು ಅಂತ ಒಂದು ಬೋರ್ಡನ್ನಾದ್ರೂ ನಾನು ಇನ್ನೂ ನೋಡಿಲ್ಲ.

ನಮ್ಮಜ್ಜಿ ಇದೇ ಓಣಿಯಲ್ಲಿ ಕೆಲಸ ಮಾಡಿದ್ರು ಅಂದ್ರೆ ಪೋಸ್ಟಿಗೆ ಇನ್ನೂ ಲೈಕ್ ಬರ್ತಿತ್ತೇನೋ. ಇಲ್ಲ, ಅವರು ಮಂಡ್ಯದ ಮುನ್ಸಿಪಾಲ್ಟಿಯಲ್ಲಿದ್ದರು. ಆದರೆ ಓಣಿ ಇಂಥದ್ದೇ. ಅವ್ವನಿಗೆ ಮನೆ ತೋರಿಸೋಕೆ ಕರ್ಕೊಂಡು ಹೋದಾಗ ಮುಂದಿನದೆಲ್ಲ ಸುಮ್ಮನೆ ನೋಡಿದ್ಲು. ಹಿಂದಿನ ಗೋಡೆಯಲ್ಲಿ ಸೊಂಟದೆತ್ತರದ ಒಂದು ಕಬ್ಬಿಣದ ಬಾಗಿಲಿದೆ, ತುಕ್ಕು ಹಿಡಿದಿದೆ. ಅದರ ಮುಂದೆ ಬಂದು ನಿಂತ್ಲು. "ನಿಮ್ಮಜ್ಜಿ ಊಟದ ಹೊತ್ತಲ್ಲಿ ಇಂಥ ಬಾಗಿಲ ಮಾತು ಎತ್ತಿದ್ರೆ ತಟ್ಟೆ ಬುಟ್ಟು ಏಳೋಳು ಮಗ. ಇದ ಮುಚ್ಚುಸ್ಬುಡು."

ನನಗೆ ಮುಚ್ಚಿಸೋ ಮನಸ್ಸಿಲ್ಲ. ಆ ಗೋಡೆ ಒಡೆದು ಆಳೆತ್ತರದ ಬಾಗಿಲು ಇಟ್ಟು, ಅದನ್ನೇ ತಲೆಬಾಗಿಲು ಮಾಡಬೇಕು ಅಂತ ಆಸೆ. ಗಾರೆ ಮೇಸ್ತ್ರಿ "ಭಾರ ಆ ಗೋಡೆ ಮೇಲೇ ಅದೆ ಅಕ್ಕ, ಬೀಮ್ ಹಾಕ್ಬೇಕು, ಕಾಸಾಯ್ತದೆ" ಅಂದ. ಅವ್ವ ಇನ್ನೂ ಒಪ್ಪಿಲ್ಲ. "ಅಲ್ಲಿ ನಮ್ಮೋರು ಯಾರವ್ರೆ?" ಅನ್ನೋದು ಅವಳ ಎರಡನೇ ಪ್ರಶ್ನೆ. ಅದಕ್ಕೆ ಉತ್ತರ ಕೊಡೋದು ಕಷ್ಟ. ಬೀದಿ ತುದಿಯಲ್ಲಿ ಬೆಳಗಾದ್ರೆ ಹೂ ಕಟ್ಟೋರು, ಮಾರ್ಕೆಟ್ಟಿಗೆ ಹೋಗೋ ಗಾಡಿಗಳು, ಅಜಾನ್, ಸುಪ್ರಭಾತ, ಇಡ್ಲಿ ಅಂಗಡಿ ಮುಂದೆ ನಿಂತ ಆಟೋದವರು, ಗದ್ದಲವೋ ಗದ್ದಲ. ಕಸದ ಆಟೋ ಜೊತೆ ಬರೋ ಪೌರಕಾರ್ಮಿಕ ಅಕ್ಕ ನಮ್ಮೋರು. ಅವ್ವನಿಗೆ ಅವರ ಹೆಸರು ಹೇಳಿದೆ. "ಅವ್ಳ್ ಮನೆ ಎಲ್ಲದೆ?" ಅಂದ್ಲು. ದಿನಾ ಬಸ್ಸಲ್ಲಿ ಬರ್ತಾರೆ, ದೂರದಿಂದ.

ಹೋಮ, ಹಸು ಏನೂ ಇಲ್ಲ. ಮುಂದಿನ ಭಾನುವಾರ ಹನ್ನೊಂದಕ್ಕೆ ಸಂವಿಧಾನದ ಪೀಠಿಕೆ ಓದಿ ಒಳಗೆ ಹೋಗೋದು, ಆಮೇಲೆ ಬಾಡೂಟ. ಪಕ್ಕದ ಮನೆಯವರನ್ನೂ ಕರೆದಿದ್ದೀನಿ, "ನೋಡ್ತೀವಿ" ಅಂದಿದ್ದಾರೆ. ಜಾಗ ಸಣ್ಣದು, ಪಾಳಿಯಲ್ಲಿ ಕೂತು ಉಣ್ಣೋಣ. ಅಡ್ರೆಸ್ ಇನ್‌ಬಾಕ್ಸಲ್ಲಿ ಕೇಳಿ. ಮನೆ ಹುಡುಕ್ತಾ ಇರೋರು ಕಾಗದಪತ್ರ ಹಿಡ್ಕೊಂಡು ಬನ್ನಿ, ವಕೀಲ ಗೆಳತಿಯೂ ಇರ್ತಾಳೆ.

ಜೈಭೀಮ್.