ಚುಕ್ಕಿ ಮೂಸಿ ಬಿಟ್ಟ ಫೀಡು

ತುಂಬಾ ದಿನ ಆಯ್ತು ಇಲ್ಲಿ ಏನಾದ್ರೂ ಬರೆದು. ಮೊನ್ನೆ ಊರಿನಿಂದ ತಮ್ಮ ಫೋನ್ ಮಾಡಿದ್ದ. "ಅಣ್ಣಾ, ಕುದುರೆ ಫೀಡ್ ತಗೊಳ್ಳೋಕೆ ಮುಂಚೆ ನೀನು ಫ್ಯಾಕ್ಟರಿಗೇ ಫೋನ್ ಮಾಡಿ ವಿಚಾರಿಸ್ತೀಯಂತೆ? ಅತ್ತಿಗೆ ಹೇಳಿದ್ರು" ಅಂತ ನಕ್ಕ. ನಾನೂ ನಕ್ಕೆ. ಆಮೇಲೆ ಯಾಕೋ ಇದನ್ನ ಬರೆದು ಹಾಕಿಬಿಡೋಣ ಅನ್ನಿಸ್ತು.

ನಾವಿರೋದು ಕೆಂಟಕಿಯಲ್ಲಿ, ಲೆಕ್ಸಿಂಗ್ಟನ್ ಪಕ್ಕ. ಇಲ್ಲಿ ಕುದುರೆ ಅಂದ್ರೆ ನಮ್ಮಲ್ಲಿ ಹಸು ಇದ್ದ ಹಾಗೆ, ಎಲ್ಲಿ ನೋಡಿದರೂ ಬೇಲಿ, ಬೇಲಿಯೊಳಗೆ ಕುದುರೆ. ಮಗಳು ಮೂರು ವರ್ಷ ಕಾಡಿ ಬೇಡಿ ಒಂದು ಹೆಣ್ಣು ಕುದುರೆ ಕೊಡಿಸಿಕೊಂಡಳು. ಹದಿನಾಲ್ಕು ವರ್ಷದ್ದು, ಸಾಧು. ಹಣೆ ಮೇಲೆ ಬಿಳಿ ಬೊಟ್ಟು ಇದ್ದದ್ದಕ್ಕೆ ಮನೆಯಲ್ಲಿ ಚುಕ್ಕಿ ಅಂತ ಹೆಸರಾಯ್ತು. ಅದನ್ನ ಇಟ್ಟಿದ್ದು ಬೇರೆಯವರ ಲಾಯದಲ್ಲಿ. ಜಾಗಕ್ಕೆ, ಹುಲ್ಲಿಗೆ ಬಾಡಿಗೆ. ಫೀಡ್ ಮಾತ್ರ ಅವರವರದ್ದೇ. ಪಕ್ಕದ ಗೂಡಿನಲ್ಲಿ ಒಬ್ಬ ನಿವೃತ್ತ ಟೀಚರಮ್ಮನ ಗಂಡು ಕುದುರೆ, ರಸ್ಟಿ. ಹೆಸರಿಗೆ ತಕ್ಕ ಹಾಗೆ ತುಕ್ಕಿನ ಬಣ್ಣ. ಮಹಾ ಹೊಟ್ಟೆಬಾಕ.

ನಾನು ಹಾಸನದ ಕಡೆ ಹಳ್ಳಿಯವನು. ಕುದುರೆ ಗೊತ್ತಿಲ್ಲದಿದ್ದರೂ ದನ ಗೊತ್ತಿತ್ತು. ತಾತ ಹಿಂಡಿ ತರೋವಾಗ ಒಂದು ಚೂರು ಮುರಿದು ಮೂಸಿ, ಬಾಯಿಗೆ ಹಾಕಿಕೊಂಡು ಅಗಿದು, ಮುಗ್ಗಲು ಬಂದಿದ್ದರೆ ಅಂಗಡಿಯವನಿಗೇ ವಾಪಸ್ ಕೊಡುತ್ತಿದ್ದ. ಅಮ್ಮ ಕಲಗಚ್ಚಿಗೆ ಬೂಸ ಕಲೆಸಿ ಇಡುತ್ತಿದ್ದಳು. ಹಸು ಬಿಟ್ಟದ್ದು ಎಮ್ಮೆಗೆ, ಎಮ್ಮೆ ಬಿಟ್ಟದ್ದು ತಿಪ್ಪೆಗೆ. ಎಮ್ಮೆ ಬಿಟ್ಟಿದ್ದು ನಾನಂತೂ ನೋಡಿಲ್ಲ :)

ಈ ಬುದ್ಧಿಯೇ ನನಗೆ ಮುಳುವಾಯ್ತು.

2021ರ ಅಕ್ಟೋಬರ್. ನಾವು ಹಾಕುತ್ತಿದ್ದ ಫೀಡಿನ ಬೆಲೆ ಮತ್ತೆ ಏರಿತ್ತು. ಹತ್ತಿರದಲ್ಲೇ ಒಂದು ಸಣ್ಣ ಮಿಲ್ಲು, ದನಕ್ಕೂ ಕೋಳಿಗೂ ಕುದುರೆಗೂ ಫೀಡ್ ಮಾಡೋದು. ಐವತ್ತು ಪೌಂಡಿನ ಮೂಟೆಗೆ ಆರು ಡಾಲರ್ ಕಡಿಮೆ. ಚೀಟಿ ನೋಡಿದೆ: ಪ್ರೋಟೀನ್ 12 ಪರ್ಸೆಂಟ್. ನಮ್ಮ ಹಳೇದರಲ್ಲೂ 12. ಮತ್ತಿನ್ನೇನು! ಟೀಚರಮ್ಮನಿಗೂ ಒಂದು ಮೂಟೆ ತಂದುಕೊಟ್ಟೆ. ಒಟ್ಟು ಉಳಿದದ್ದು ಹನ್ನೆರಡು ಡಾಲರ್.

ಭಾನುವಾರ ಚುಕ್ಕಿ ತಿಂದಿತು. ಸೋಮವಾರ ಮೂಸಿ ಮುಖ ತಿರುಗಿಸಿತು. ಹೊಸ ರುಚಿ, ನಖರಾ ಮಾಡ್ತಿದೆ ಅಂದುಕೊಂಡೆ. ಬಕೆಟ್ಟಿನಲ್ಲಿ ಉಳಿದದ್ದನ್ನ ಚೆಲ್ಲೋಕೆ ಮನಸ್ಸು ಬರಲಿಲ್ಲ. ರಸ್ಟಿಯ ಬಕೆಟ್ಟಿಗೆ ಸುರಿದೆ. ಅವನು ತನ್ನದನ್ನೂ ಮುಗಿಸಿ ಅದನ್ನೂ ನೆಕ್ಕಿ ಬಿಟ್ಟ. ಮಂಗಳವಾರವೂ ಅದೇ ಕೆಲಸ ಮಾಡಿದೆ.

ಮಂಗಳವಾರ ಸಂಜೆ ರಸ್ಟಿ ಮೈಯೆಲ್ಲ ಬೆವರಿ ನಿಂತಿದ್ದ. ಹಿಂಗಾಲು ತೂರಾಡುತ್ತಿತ್ತು. ಡಾಕ್ಟರು ಬಂದವರು ಮೊದಲು ಕೋಲಿಕ್ ಇರಬಹುದು ಅಂದರು, ಎದೆ ಬಡಿತ ಕೇಳಿದ ಮೇಲೆ ಸುಮ್ಮನಾದರು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ: "ಫೀಡ್ ಏನಾದ್ರೂ ಬದಲಾಯಿಸಿದ್ರಾ?"

ಬುಧವಾರ ಬೆಳಗಿನ ಜಾವ ರಸ್ಟಿ ಹೋದ.

ಮೂಟೆ ತೋರಿಸಿ ಅಂದರು. ನಾನು ಡಬ್ಬಕ್ಕೆ ಸುರಿದು, ಖಾಲಿ ಚೀಲಕ್ಕೆ ಒಣಗಿದ ಎಲೆ ತುಂಬಿ ಕಸದವನಿಗೆ ಕೊಟ್ಟಾಗಿತ್ತು. ಟೀಚರಮ್ಮ ಮಾತ್ರ ಚೀಟಿಯನ್ನ ಕತ್ತರಿಸಿ ಡಬ್ಬದ ಮುಚ್ಚಳಕ್ಕೆ ಅಂಟಿಸಿದ್ದರು. ನಲವತ್ತು ವರ್ಷ ಮಕ್ಕಳ ನೋಟ್ಸು ತಿದ್ದಿದವರ ಅಭ್ಯಾಸ. ಅದರಲ್ಲಿದ್ದ ಲಾಟ್ ನಂಬರಿನಿಂದಲೇ ಮುಂದಿನದೆಲ್ಲ ಸಾಧ್ಯವಾಯ್ತು. ಫೀಡಿನ ಸ್ಯಾಂಪಲ್ ಲ್ಯಾಬಿಗೆ ಹೋಯ್ತು. ಬಂದ ಉತ್ತರ: ಮೊನೆನ್ಸಿನ್.

ನಾನು ಆ ಹೆಸರನ್ನೇ ಕೇಳಿರಲಿಲ್ಲ. ಅಮೆರಿಕದಲ್ಲಿ 1970ರ ದಶಕದಿಂದಲೂ ಕೋಳಿಗೆ ಮತ್ತು ದನಕ್ಕೆ ಹಾಕುವ ಔಷಧಿ ಅದು. ಕೋಳಿಗೆ ಕಾಕ್ಸಿಡಿಯೋಸಿಸ್ ಅನ್ನೋ ಕರುಳಿನ ರೋಗ ಬರದ ಹಾಗೆ. ದನದ ಹೊಟ್ಟೆಯಲ್ಲಿ ಕೆಲವು ಬ್ಯಾಕ್ಟೀರಿಯಾಗಳನ್ನ ಅಡಗಿಸಿ ಅಷ್ಟೇ ಮೇವಿನಲ್ಲಿ ಜಾಸ್ತಿ ಮೈ ಕಟ್ಟುವ ಹಾಗೆ. ಅವುಗಳಿಗೆ ಹೇಳಿದ ಪ್ರಮಾಣದಲ್ಲಿ ಒಳ್ಳೆಯದೇ. ಕುದುರೆಗೆ ಮಾತ್ರ ವಿಷ. ಸೋಡಿಯಂ ಅನ್ನ ಜೀವಕೋಶದೊಳಗೆ ಸಾಗಿಸಿ ಉಪ್ಪು ನೀರಿನ ಲೆಕ್ಕವನ್ನೇ ತಪ್ಪಿಸುತ್ತೆ, ಅದರ ಹಿಂದೆಯೇ ಕ್ಯಾಲ್ಸಿಯಂ ನುಗ್ಗುತ್ತೆ, ಹೃದಯದ ಸ್ನಾಯು ಸಾಯುತ್ತೆ. ಅರ್ಧದಷ್ಟು ಪ್ರಾಣಿಗಳನ್ನ ಕೊಲ್ಲುವ ಪ್ರಮಾಣ ಕೋಳಿಯಲ್ಲಿ ಕಿಲೋ ತೂಕಕ್ಕೆ ಸುಮಾರು 200 ಮಿಲಿಗ್ರಾಂ, ದನದಲ್ಲಿ 20ರಿಂದ 80, ಕುದುರೆಯಲ್ಲಿ 2ರಿಂದ 3. ಐನೂರು ಕಿಲೋದ ಕುದುರೆಗೆ ಒಂದು, ಒಂದೂವರೆ ಗ್ರಾಂ ಸಾಕು. ಎರಡು ಮೂರು ಚಿಟಿಕೆ ಉಪ್ಪಿನಷ್ಟು. ಪ್ರತಿವಿಷ ಇಲ್ಲ. ಕುದುರೆಗೆ ವಾಂತಿಯೂ ಆಗೋಲ್ಲ. ಮೇವು ಬಿಡೋದೇ ಎಷ್ಟೋ ಸಲ ಮೊದಲನೇ ಲಕ್ಷಣವಂತೆ. ಚುಕ್ಕಿ ಹೇಳಿತ್ತು, ನನಗೆ ಕೇಳಿಸಲಿಲ್ಲ.

ದನದ ಫೀಡ್ ಮಾಡಿದ ಮಿಕ್ಸರಿನಲ್ಲಿ ಉಳಿದದ್ದು ಸೇರಿತೋ, ತಪ್ಪು ಪ್ರೀಮಿಕ್ಸ್ ಬಿತ್ತೋ, ಮಿಲ್ಲಿನವರು ಬಾಯಿ ಬಿಡಲಿಲ್ಲ. ಮೂಟೆಗಳನ್ನ ವಾಪಸ್ ತಗೊಂಡರು, ಇನ್ಶೂರೆನ್ಸಿನವರು ಡಾಕ್ಟರ ಬಿಲ್ಲು ಕೊಟ್ಟರು. ಅಷ್ಟೇ.

ಈಗ ನಾನು ಚೀಟಿ ಓದೋ ರೀತಿಯೇ ಬೇರೆ. ಆ 12 ಪರ್ಸೆಂಟ್ ಇದೆಯಲ್ಲ, ಅದು ಸಾರಜನಕ ಅಳೆದು ಲೆಕ್ಕ ಹಾಕಿದ್ದು. ಸೋಯಾದಿಂದ ಬಂತೋ ಹತ್ತಿಕಾಳಿನಿಂದ ಬಂತೋ ಹೇಳೋಲ್ಲ. ಎಷ್ಟೋ ಚೀಟಿಗಳಲ್ಲಿ "ಪ್ಲಾಂಟ್ ಪ್ರೋಟೀನ್ ಪ್ರಾಡಕ್ಟ್ಸ್", "ಗ್ರೇನ್ ಪ್ರಾಡಕ್ಟ್ಸ್" ಅಂತಷ್ಟೇ ಇರುತ್ತೆ. ಕಾನೂನು ಇದಕ್ಕೆ ಒಪ್ಪುತ್ತೆ. ಈ ತಿಂಗಳು ಯಾವುದು ಅಗ್ಗವೋ ಅದನ್ನ ಹಾಕೋಕೆ ಮಿಲ್ಲಿಗೆ ಅನುಕೂಲ. ಕುದುರೆಯ ದೊಡ್ಡ ಕರುಳಿನ ಸೂಕ್ಷ್ಮಜೀವಿಗಳಿಗೆ ಮಾತ್ರ ಮೇವು ಪದೇ ಪದೇ ಬದಲಾದರೆ ಆಗಿಬರೋಲ್ಲ. ಒಂದೊಂದು ಧಾನ್ಯದ ಹೆಸರನ್ನೂ ಬರೆದು, ಫಿಕ್ಸ್ಡ್ ಫಾರ್ಮುಲಾ ಅಂತ ಹೇಳೋರು ಇದ್ದಾರೆ, ಹುಡುಕಬೇಕು. ಪಿಷ್ಟ, ಸಕ್ಕರೆ ಎಷ್ಟು ಅಂತ ಬಹಳ ಮೂಟೆಗಳ ಮೇಲೆ ಇರೋದೇ ಇಲ್ಲ. ಗೊರಸಿನ ಕಾಯಿಲೆ, ಅದೇ ಲ್ಯಾಮಿನೈಟಿಸ್, ಬರೋ ಸ್ವಭಾವದ ಕುದುರೆ ಇದ್ದರೆ ಬೇಕಾದದ್ದೇ ಆ ಎರಡು ಅಂಕಿ.

ಆದರೆ ನನ್ನ ಮಿಕ್ಸರಿನ ಕಥೆ ಯಾವ ಚೀಟಿಯಲ್ಲೂ ಸಿಗೋಲ್ಲ. ಅದಕ್ಕೇ ಫೋನ್ ಮಾಡೋದು. ಈ ಫೀಡ್ ಮಾಡೋ ಪ್ಲಾಂಟಿನಲ್ಲಿ, ನಿಮ್ಮ ಕಂಪನಿಯಲ್ಲಿ ಅಲ್ಲ ಸ್ವಾಮಿ, ಇದೇ ಪ್ಲಾಂಟಿನಲ್ಲಿ, ಮೊನೆನ್ಸಿನ್ ತರಹದ ಔಷಧಿ ಒಳಗೆ ಬರುತ್ತಾ? ಬಂದರೆ ಒಂದಾದ ಮೇಲೆ ಒಂದು ಯಾವ ಫೀಡ್ ಮಾಡ್ತೀರಿ, ನಡುವೆ ಮಿಕ್ಸರ್ ಹೇಗೆ ತೊಳೀತೀರಿ? ಪ್ರತಿ ಲಾಟಿನ ಸ್ಯಾಂಪಲ್ ಎತ್ತಿಡ್ತೀರಾ, ಎಷ್ಟು ದಿನ? ನಾನು ನಾಲ್ಕು ಕಡೆ ಕೇಳಿದೆ. ಒಬ್ಬರು ವಾಪಸ್ ಫೋನೇ ಮಾಡಲಿಲ್ಲ. ಇಬ್ಬರು ಹೇಳಿದ್ದು "ಇಷ್ಟು ವರ್ಷದಲ್ಲಿ ನಮಗೆ ಯಾವ ತೊಂದರೆಯೂ ಆಗಿಲ್ಲ." ಇದು ಉತ್ತರ ಅಲ್ಲ ಅಂತ ಗೊತ್ತಾಗೋಕೆ ನನಗೆ ಒಂದು ಕುದುರೆ ಬೇಕಾಯ್ತು. ನಾಲ್ಕನೆಯ ಕಡೆ ಫೋನ್ ಎತ್ತಿದ ಹುಡುಗಿ, ಗೊತ್ತಿಲ್ಲ ಸರ್ ಅಂದು ಪ್ಲಾಂಟ್ ಮ್ಯಾನೇಜರಿಗೇ ಕೊಟ್ಟಳು. ಆತ ಇಪ್ಪತ್ತು ನಿಮಿಷ ಮಾತಾಡಿದ. ಅಲ್ಲಿ ಆ ಔಷಧಿಗಳಿಗೆ ಗೇಟಿನೊಳಗೇ ಪ್ರವೇಶ ಇಲ್ಲವಂತೆ, ಬೇಕಿದ್ದರೆ ಬಂದು ನೋಡು ಅಂದ. ಹೋಗಿ ನೋಡಿದೆ. ಮೂಟೆಗೆ ಒಂಬತ್ತು ಡಾಲರ್ ಜಾಸ್ತಿ.

ಇದನ್ನೆಲ್ಲ ಕೇಳಿದ ತಮ್ಮ, "ನಮ್ಮ ಮೈಸೂರಿನ ಜಟಕಾ ಕುದುರೆಗಳು ಹುರುಳಿ, ಬೂಸ ತಿಂದು ಚೆನ್ನಾಗಿರಲಿಲ್ವಾ?" ಅಂದ. ಹುರುಳಿಗೆ ಇಂಗ್ಲಿಷಿನಲ್ಲಿ ಹೆಸರೇ ಹಾರ್ಸ್ ಗ್ರಾಂ, ನಿಜ. ಆದರೆ ಬೂಸದಲ್ಲಿ ರಂಜಕ ತುಂಬಾ, ಕ್ಯಾಲ್ಸಿಯಂ ಕಡಿಮೆ. ಅದನ್ನೇ ಹೊಟ್ಟೆತುಂಬಾ ಹಾಕಿದರೆ ಕುದುರೆ ತನ್ನ ಮೂಳೆಯಿಂದಲೇ ಕ್ಯಾಲ್ಸಿಯಂ ಕಿತ್ತುಕೊಳ್ಳುತ್ತೆ, ಮುಖದ ಮೂಳೆ ಊದಿಕೊಳ್ಳುತ್ತೆ. ಹಿಂದೆ ಹಿಟ್ಟಿನ ಮಿಲ್ಲಿನವರ ಕುದುರೆಗಳಿಗೇ ಬರುತ್ತಿದ್ದರಿಂದ ಅದಕ್ಕೆ ಮಿಲ್ಲರ್ಸ್ ಡಿಸೀಸ್ ಅಂತಲೇ ಹೆಸರು. ತಾತನ ಮೂಗು ಮುಗ್ಗಲು ಹಿಡಿಯುತ್ತಿತ್ತು, ರಂಜಕ ಹಿಡಿಯುತ್ತಿರಲಿಲ್ಲ. ಮೊನೆನ್ಸಿನ್ ಅಂತೂ ಇಲ್ಲವೇ ಇಲ್ಲ.

ಚುಕ್ಕಿ ಬದುಕಿತು. ಆರು ತಿಂಗಳಾದ ಮೇಲೆ ಹೃದಯದ ಸ್ಕ್ಯಾನ್ ಮಾಡಿಸಿದೆವು. ಇನ್ನು ಮೇಲೆ ಹತ್ತಬೇಡಿ, ಓಡುವಾಗ ಕುಸಿದರೆ ಮೇಲಿದ್ದವರಿಗೂ ಅಪಾಯ ಅಂದರು. ಮಗಳು ತಡಿಯನ್ನ ಮಾರಲಿಲ್ಲ, ಗ್ಯಾರೇಜಿನಲ್ಲಿ ಹೊದಿಸಿ ಇಟ್ಟಿದ್ದಾಳೆ. ಶನಿವಾರ ಹೋಗಿ ಮೈ ಉಜ್ಜಿ ಬರುತ್ತಾಳೆ.

ಟೀಚರಮ್ಮನಿಗೆ ಆ ಬಕೆಟ್ಟಿನ ವಿಷಯ ನಾನೇ ಹೇಳಿದೆ, ಒಂದು ವಾರ ಬಿಟ್ಟು. ಅವರು ಬಹಳ ಹೊತ್ತು ಮಾತಾಡಲಿಲ್ಲ. "ನನ್ನ ಮೂಟೆಯೂ ಅದೇ ಲಾಟಿನದ್ದು" ಅಂದರು ಕೊನೆಗೆ. ಅದು ಸಮಾಧಾನವೋ, ಲೆಕ್ಕವೋ ಇವತ್ತಿಗೂ ಗೊತ್ತಿಲ್ಲ. ಬೇರೆ ಕುದುರೆ ತಗೊಳ್ಳಲಿಲ್ಲ. ಆದರೂ ಲಾಯಕ್ಕೆ ಬರುತ್ತಾರೆ.

ಹೋದ ಗುರುವಾರ ಹೊಸ ಮೂಟೆ ಇಳಿಸುತ್ತಿದ್ದೆ. ಕನ್ನಡಕ ಹಾಕಿಕೊಂಡು ಬಂದು ಚೀಟಿ ಪೂರ್ತಿ ಓದಿದರು. ನಾನು ಫೋನಿನಲ್ಲಿ ಫೋಟೋ ತೆಗೆದೆ. ಸಾಲದು ಅಂತ ಲಾಟ್ ನಂಬರನ್ನ ಗೋಡೆ ಮೇಲೆ ಸೀಮೆಸುಣ್ಣದಲ್ಲಿ ತಾವೇ ಬರೆದರು, ಹಳೇದರ ಕೆಳಗೆ, ಸಾಲಾಗಿ. ಆಮೇಲೆ ಒಂದು ಹಿಡಿ ತೆಗೆದು ಚುಕ್ಕಿಯ ಮೂತಿ ಹತ್ತಿರ ಹಿಡಿದರು. ಅದು ಮೂಸಿ ತಿನ್ನೋವರೆಗೂ ಇಬ್ಬರೂ ಅಲ್ಲೇ ನಿಂತಿದ್ದೆವು.