ಗೈಡ್‌ಗೆ ಕೊಡೋದು ಮೀನಿನ ದುಡ್ಡಲ್ಲ

ಕಾವೇರಿಯ ಭೀಮೇಶ್ವರಿ, ಗಾಳಿಬೋರೆ ಕಡೆ ಮಹಶೀರ್ ಮೀನಿಗೆ ಗಾಳ ಹಾಕಲು ವಿದೇಶಿಯರು ಬರುತ್ತಿದ್ದ ಕಾಲದಲ್ಲಿ, ಕದ್ದು ಮೀನು ಹಿಡಿಯುತ್ತಿದ್ದವರಲ್ಲೇ ಕೆಲವರು ಗೈಡ್ ಆದರು. ಯಾವ ಬಂಡೆಯ ಮರೆಯಲ್ಲಿ ಮೀನು ನಿಲ್ಲುತ್ತೆ ಅನ್ನೋದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಹಿಡಿದದ್ದನ್ನು ತೂಗಿ, ಮತ್ತೆ ನೀರಿಗೇ ಬಿಡೋದು ಅಲ್ಲಿನ ಪದ್ಧತಿಯಾಗಿತ್ತು.

ನಮ್ಮ ಕಡೆ ಜಮಖಂಡಿ, ಬನಹಟ್ಟಿ ಮಂದಿಗೆ ಕೃಷ್ಣೆಯ ಹಿಪ್ಪರಗಿ ಬ್ಯಾರೇಜ್, ಮುಧೋಳಕ್ಕೆ ಘಟಪ್ರಭಾ, ಬೀಳಗಿಗೆ ಆಲಮಟ್ಟಿ ಹಿನ್ನೀರು. ಗಾಳಕ್ಕೆ ಹಿಟ್ಟಿನ ಉಂಡೆ, ಇಲ್ಲವೇ ಎರೆಹುಳ. ಫ್ಲೈ ಫಿಶಿಂಗ್ ಅನ್ನೋ ಗಾಳದ ಬಗೆಯಲ್ಲಿ ಅವೆರಡೂ ಇಲ್ಲ. ಗರಿ, ನೂಲು ಸುತ್ತಿದ ಹುಸಿ ಹುಳ ಅಷ್ಟೇ. ಅದಕ್ಕೆ ತೂಕವೇ ಇಲ್ಲ, ದಪ್ಪ ದಾರದ ಭಾರವೇ ಅದನ್ನು ಒಯ್ಯಬೇಕು. ಕೋಲನ್ನು ಹಿಂದಕ್ಕೆತ್ತಿ, ದಾರ ಬೆನ್ನ ಹಿಂದೆ ಪೂರ್ತಿ ಬಿಚ್ಚಿಕೊಳ್ಳೋ ತನಕ ತಡೆದು, ಆಮೇಲೆ ಮುಂದಕ್ಕೆ ಬೀಸಬೇಕು. ಅವಸರ ಮಾಡಿದರೆ ಬಾರುಕೋಲಿನ ಹಾಗೆ ಚಟ್ ಅಂದು ಹುಳ ಕಿತ್ತು ಹೋಗುತ್ತೆ.

ಈ ಎಸೆತವನ್ನ ವಿಡಿಯೊ ನೋಡಿಯೂ ಕಲಿಯಬಹುದು. ಮೊಸಳೆ ಎಲ್ಲಿ ಬಿಸಿಲು ಕಾಯಿಸುತ್ತೆ, ಬ್ಯಾರೇಜ್ ಗೇಟ್ ಎತ್ತಿದರೆ ನೀರು ಎಲ್ಲಿವರೆಗೆ ಏರುತ್ತೆ ಅನ್ನೋದನ್ನ ಮಾತ್ರ ದಿನಾ ಬಲೆ ಬೀಸುವವನನ್ನೇ ಕೇಳಬೇಕು. ಅವನ ಕೂಲಿಗೆ ಚೌಕಾಸಿ ಬೇಡ.